ಬೆಂಡೆಕಾಯಿ ಊಟಕ್ಕಿರಲಿ, ಮಾತ್ರೆ ತಪ್ಪದಿರಲಿ

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಪ್ರತಿ ಸಲ ಕೆಚ್ಚಲು ಬಾವು, ಬೆದೆ ಲಕ್ಷಣ, ಕರುಗಳಿಗೆ ಜಂತುನಾಶಕ ಎಂದು ದನದ ವಿಷಯವನ್ನೇ ಹೇಳುತ್ತಿದ್ದೆ. ಇಂದು ದನ ಸಾಕುವವರ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದಕ್ಕೆ ಕಾರಣವಿದೆ. ಹಸು ನೋಡಲು ನಿಮ್ಮ ಮನೆಗಳಿಗೆ ಬಂದಾಗ ಈಚೆಗೆ ಅಡುಗೆಮನೆ ಕಿಟಕಿಯಲ್ಲಿ ಒಂದು ಲೋಟ ಕಾಣುತ್ತದೆ. ಅದರಲ್ಲಿ ರಾತ್ರಿ ಸೀಳಿ ನೆನೆಹಾಕಿದ ಬೆಂಡೆಕಾಯಿ ನೀರು. "ಸಕ್ಕರೆ ಕಾಯಿಲೆಗೆ, ಕೊಲೆಸ್ಟರಾಲಿಗೆ ಒಳ್ಳೆಯದಂತೆ ಸಾರ್. ಕುಡಿಯೋಕೆ ಶುರು ಮಾಡಿ ಮಾತ್ರೆ ಬಿಟ್ಟೆ" ಎನ್ನುತ್ತಾರೆ. ಬೆಂಡೆಕಾಯಿ ಒಳ್ಳೆಯದು ಎಂಬ ಮಾತಿಗೆ ಆಧಾರವಿದೆ. ಮಾತ್ರೆ ಬಿಟ್ಟೆ ಎಂಬ ಮಾತು ಕೇಳಿದರೆ ಭಯವಾಗುತ್ತದೆ.

ನಾನು ಪಶುವೈದ್ಯ. ಮನುಷ್ಯರಿಗೆ ಔಷಧಿ ಬರೆದುಕೊಡುವವನಲ್ಲ. ಆದರೆ ಮೇವು, ನಾರು, ಜೀರ್ಣಕ್ರಿಯೆ ನನ್ನ ಕಸುಬಿನ ವಿಷಯ. ಆ ದಾರಿಯಲ್ಲೇ ಈ ಸಂಗತಿಯನ್ನು ವಿವರಿಸುತ್ತೇನೆ.

ಲೋಳೆ ಮಾಡುವ ಕೆಲಸ

ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನು ಹಸುವಿಗೆ ಸುರಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಪಿಷ್ಟ ಒಮ್ಮೆಲೇ ಕರಗಿ ಹೊಟ್ಟೆ ಹುಳಿಯಾಗುತ್ತದೆ, ಹಸು ಮಲಗಿಬಿಡುತ್ತದೆ. ಅದೇ ಹಸುವಿಗೆ ಒಣಹುಲ್ಲು, ಹಸಿರು ಮೇವು ಸರಿಯಾಗಿ ಸಿಕ್ಕರೆ ಮೆಲುಕು ಹಾಕುತ್ತದೆ, ಹಾಲಿನಲ್ಲಿ ಫ್ಯಾಟ್ ನಿಲ್ಲುತ್ತದೆ. ನಮಗೆ ಹಸುವಿನ ಹಾಗೆ ನಾಲ್ಕು ಭಾಗದ ಹೊಟ್ಟೆಯಿಲ್ಲ, ನಾರನ್ನು ಅದರಂತೆ ಅರಗಿಸಿಕೊಳ್ಳಲಾರೆವು. ಆದರೂ ನಾರು ನಮಗೂ ಬೇಕು.

100 ಗ್ರಾಂ ಹಸಿ ಬೆಂಡೆಕಾಯಿಯಲ್ಲಿ ಸುಮಾರು 3 ಗ್ರಾಂ ನಾರು ಇರುತ್ತದೆ. ಅದರಲ್ಲಿ ಒಂದು ಪಾಲು ನೀರಿನಲ್ಲಿ ಕರಗಿ ಅಂಟಾಗುತ್ತದೆ. ಅದೇ ಲೋಳೆ. ಈ ಲೋಳೆ ಕರುಳಿನಲ್ಲಿ ಊಟದ ಜೊತೆ ಬೆರೆತು, ಮುದ್ದೆ ಅನ್ನಗಳ ಸಕ್ಕರೆ ರಕ್ತಕ್ಕೆ ಒಮ್ಮೆಲೇ ನುಗ್ಗದಂತೆ ನಿಧಾನಿಸುತ್ತದೆ.

ಕೊಲೆಸ್ಟರಾಲಿನ ವಿಷಯದಲ್ಲಿ ಅದು ಬೇರೆ ರೀತಿ ಕೆಲಸ ಮಾಡುತ್ತದೆ. ನಮ್ಮ ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತರಸದ ಆಮ್ಲಗಳನ್ನು ತಯಾರಿಸಿ ಕರುಳಿಗೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅವುಗಳಲ್ಲಿ ಹೆಚ್ಚಿನವು ಯಕೃತ್ತಿಗೇ ಹಿಂದಿರುಗುತ್ತವೆ. ಲೋಳೆಯ ನಾರು ಅವುಗಳಲ್ಲಿ ಕೆಲವನ್ನು ಹಿಡಿದುಕೊಂಡು ಮಲದೊಂದಿಗೆ ಹೊರಗೆ ಒಯ್ಯುತ್ತದೆ. ಆಗ ಹೊಸದಾಗಿ ಪಿತ್ತರಸ ತಯಾರಿಸಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ.

ಎಷ್ಟು ನಂಬಬಹುದು?

ಬೆಂಡೆಕಾಯಿಯನ್ನು ಮನುಷ್ಯರಲ್ಲಿಯೂ ಪರೀಕ್ಷಿಸಿ ನೋಡಿದ್ದಾರೆ. ಆದರೆ ಅವು ಕಡಿಮೆ ಜನರ ಮೇಲೆ ಕೆಲವೇ ವಾರ ನಡೆಸಿದ ಪರೀಕ್ಷೆಗಳು. ಹೆಚ್ಚಿನವುಗಳಲ್ಲಿ ಕೊಟ್ಟಿದ್ದು ಬೆಂಡೆಯ ಪುಡಿ. ಸಕ್ಕರೆ ಸ್ವಲ್ಪ ಇಳಿದದ್ದು ಕಂಡಿದೆ. ಅಲ್ಲಿ ಬಹುಪಾಲು ರೋಗಿಗಳು ತಮ್ಮ ಮಾತ್ರೆಗಳನ್ನು ನುಂಗುತ್ತಲೇ ಇದ್ದರು ಎಂಬುದನ್ನು ಮರೆಯಬಾರದು.

ಇನ್ನೊಂದು ಎಚ್ಚರಿಕೆ ಇದೆ. 2011ರಲ್ಲಿ ಬಾಂಗ್ಲಾದೇಶದ ಸಂಶೋಧಕರು ಇಲಿಗಳಿಗೆ ಬೆಂಡೆಕಾಯಿಯ ಲೋಳೆಯನ್ನೂ ಮೆಟ್‌ಫಾರ್ಮಿನ್ ಔಷಧವನ್ನೂ ಒಟ್ಟಿಗೆ ಕೊಟ್ಟು ನೋಡಿದರು. ಲೋಳೆಯು ಸಕ್ಕರೆಯನ್ನು ತಡೆದಂತೆ ಔಷಧವನ್ನೂ ತಡೆಯಿತು. ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲೂ ಆಗಬೇಕೆಂದಿಲ್ಲ. ಆದರೂ ನಮ್ಮ ಸಕ್ಕರೆ ರೋಗಿಗಳಲ್ಲಿ ಅನೇಕರು ನುಂಗುವುದು ಇದೇ ಮೆಟ್‌ಫಾರ್ಮಿನ್. ಬೆಂಡೆ ನೀರಿನ ಜೊತೆ ಮಾತ್ರೆ ನುಂಗಬೇಡಿ. ಆ ನೀರು ಕುಡಿಯುವ ಅಭ್ಯಾಸವಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ.

ಮಾತ್ರೆ ಬಿಟ್ಟರೆ ಏನಾಗುತ್ತದೆ?

ಸುಪ್ತ ಕೆಚ್ಚಲು ಬಾವು ನಿಮಗೆ ಗೊತ್ತಿರುವ ರೋಗ. ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ, ಕೆಚ್ಚಲು ಊದಿರುವುದಿಲ್ಲ, ಒಳಗೆ ಮಾತ್ರ ಹಾಳಾಗುತ್ತಿರುತ್ತದೆ. ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯೂ ಹೀಗೆಯೇ. ಮಾತ್ರೆ ಬಿಟ್ಟ ಮೊದಲ ತಿಂಗಳು "ಏನೂ ಆಗಲಿಲ್ಲವಲ್ಲ" ಎನಿಸುತ್ತದೆ. ಒಳಗೆ ಕಣ್ಣು, ಮೂತ್ರಪಿಂಡ, ನರಗಳು ಕೆಡುತ್ತಿರುತ್ತವೆ.

ನಮ್ಮ ಉತ್ಪಾದಕರಿಗೆ ಹೆಚ್ಚಿನ ಅಪಾಯ ಕಾಲಿನದು. ನಸುಕಿನಲ್ಲಿ ಬರಿಗಾಲಿನಲ್ಲಿ ಕೊಟ್ಟಿಗೆಗೆ ಇಳಿಯುತ್ತೀರಿ. ಕೆಳಗೆ ಸಗಣಿ, ಗಂಜಲ, ಎಲ್ಲೋ ಒಂದು ಮೊಳೆ. ಒಮ್ಮೆ ಗರ್ಭ ಪರೀಕ್ಷೆಗೆಂದು ಒಂದು ಮನೆಗೆ ಹೋಗಿದ್ದೆ. ಹಸು ಹಿಡಿದುಕೊಂಡು ನಿಂತ ಹಿರಿಯರ ಅಂಗಾಲಿನಲ್ಲಿ ರೂಪಾಯಿ ಅಗಲದ ಹುಣ್ಣಿತ್ತು. "ನೋವಿಲ್ಲವೇ ಅಣ್ಣಾ?" ಎಂದೆ. "ಇಲ್ಲ ಡಾಕ್ಟರೇ, ಗೊತ್ತೇ ಆಗಲಿಲ್ಲ" ಎಂದರು. ನೋವಾಗದಿರುವುದೇ ಅಲ್ಲಿ ರೋಗದ ಗುರುತು. ಅಂಥ ಹುಣ್ಣು ಕೊಳೆತು ಬೆರಳು, ಕೆಲವೊಮ್ಮೆ ಕಾಲನ್ನೇ ಕತ್ತರಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಗಟ್ಟಿ ಚಪ್ಪಲಿಯೋ ಬೂಟೋ ಹಾಕದೆ ಕೊಟ್ಟಿಗೆಗೆ ಹೋಗಬಾರದು. ರಾತ್ರಿ ಕಾಲು ತೊಳೆದು, ಒರೆಸಿ, ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು.

ಸಕ್ಕರೆ ತೀರಾ ಇಳಿದರೂ ಅಪಾಯವೇ. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು, ಊಟ ಬಿಟ್ಟು ಬರೀ ಬೆಂಡೆ ನೀರು ಕುಡಿದವರಿಗೆ ಬೆವರು, ನಡುಕ, ತಲೆಸುತ್ತು ಬರಬಹುದು. ತಕ್ಷಣ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಗೊಟ್ಟದಲ್ಲಿ ಔಷಧಿ ಕುಡಿಸುವಾಗ ಶ್ವಾಸಕೋಶಕ್ಕೆ ಇಳಿದು ದನ ಸಾಯುವುದನ್ನು ಕಂಡಿದ್ದೀರಿ. ಮನುಷ್ಯರಿಗೂ ಅದೇ ಅಪಾಯ. 108ಕ್ಕೆ ಫೋನ್ ಮಾಡಿ.

ಹೇಗೆ ತಿನ್ನಬೇಕು?

ನೀರು ಕುಡಿದು ಕಾಯಿ ಎಸೆಯುವುದಕ್ಕಿಂತ ಇಡೀ ಕಾಯಿ ತಿನ್ನುವುದು ಮೇಲು. ನಾರು ಹೆಚ್ಚಾಗಿ ಉಳಿಯುವುದು ಕಾಯಿಯಲ್ಲೇ. ಲೋಳೆ ಹೋಗಲೆಂದು ಎರಡು ಸೌಟು ಎಣ್ಣೆ ಸುರಿದು ಹುರಿದರೆ, ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಕಾಯಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹೆಚ್ಚಿದರೆ ಅಂಟು ಕಡಿಮೆ. ಹುಳಿ, ಗೊಜ್ಜು, ಮಜ್ಜಿಗೆ ಹುಳಿ ಮಾಡಿದರೆ ಎಣ್ಣೆಯೂ ಕಡಿಮೆ ಸಾಕು. ಪಲ್ಯ ಹೆಚ್ಚಿಸಿ, ಅನ್ನ ಮುದ್ದೆ ಕಡಿಮೆ ಮಾಡಿ. ರಾಗಿ ಒಳ್ಳೆಯದೆಂದು ಎರಡು ದೊಡ್ಡ ಮುದ್ದೆ ನುಂಗಿದರೆ ಬೆಂಡೆಕಾಯಿ ಏನೂ ಮಾಡಲಾರದು.

ಮೂತ್ರಪಿಂಡದಲ್ಲಿ ಕಲ್ಲಾದವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ ತಿನ್ನಿ. ಬೆಂಡೆಯಲ್ಲಿ ಆಕ್ಸಲೇಟ್ ಇದೆ.

ಹಾಲಿನ ಬಗ್ಗೆಯೂ ಕೇಳುತ್ತೀರಿ. 3.5 ಫ್ಯಾಟಿನ ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 35 ಗ್ರಾಂ ಕೊಬ್ಬು ಇರುತ್ತದೆ. ಎಮ್ಮೆ ಹಾಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಕೊಲೆಸ್ಟರಾಲ್ ಹೆಚ್ಚಿರುವವರು ಹಾಲು ಬಿಡಬೇಕಾಗಿಲ್ಲ. ಕೆನೆ ತೆಗೆದು ಕುಡಿಯಿರಿ, ಮಜ್ಜಿಗೆ ಹೆಚ್ಚು ಬಳಸಿ, ತುಪ್ಪ ಬೆಣ್ಣೆಗೆ ಮಿತಿ ಇರಲಿ.

ಹಿತ್ತಲಿನಲ್ಲೇ ಬೆಳೆಯಿರಿ

ಪೇಟೆಯ ಕಾಯಿಗೆ ಕಾಯಿಕೊರಕ ಹುಳುವಿಗೆಂದು ಔಷಧಿ ಹೊಡೆದಿರುತ್ತಾರೆ. ನಿಮ್ಮಲ್ಲಿ ಕೊಟ್ಟಿಗೆ ಗೊಬ್ಬರ ಇದೆ, ಹಿತ್ತಲಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹಳದಿ ನಂಜು ರೋಗ ತಡೆದುಕೊಳ್ಳಲೆಂದೇ ರೂಪಿಸಿದ ಅರ್ಕಾ ಅನಾಮಿಕ ತಳಿಯಿದೆ. ಬಿತ್ತಿ ಸುಮಾರು ಐವತ್ತು ದಿನಕ್ಕೆ ಕಾಯಿ ಸಿಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಎಳೆಯದಿರುವಾಗಲೇ ಕೊಯ್ಯಿರಿ.

ಬಂಧುಗಳೇ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ನಮ್ಮ ಹಳ್ಳಿಗಳೂ ಇದಕ್ಕೆ ಹೊರತಲ್ಲ. ದಿನಕ್ಕೆರಡು ಹೊತ್ತು ಡೇರಿಯಲ್ಲಿ ಹಾಲಿನ ಪರೀಕ್ಷೆ ಮಾಡಿಸುತ್ತೀರಿ, ಒಂದು ಪಾಯಿಂಟ್ ಫ್ಯಾಟ್ ಇಳಿದರೆ ಕಾರ್ಯದರ್ಶಿಗಳನ್ನು ಕೇಳುತ್ತೀರಿ. ಮೂವತ್ತು ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಿಮ್ಮ ರಕ್ತವನ್ನೂ ಪರೀಕ್ಷೆ ಮಾಡಿಸಿ. ಬರಿಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಿ. ಬೆಂಡೆಕಾಯಿ ತಿಂದು ಸಕ್ಕರೆ ಹತೋಟಿಗೆ ಬಂದರೆ ಸಂತೋಷ. ಆಗಲೂ ಮಾತ್ರೆ ಕಡಿಮೆ ಮಾಡುವುದು ವೈದ್ಯರ ಕೆಲಸ.