ವಯಸ್ಸಾದ ಬೆಕ್ಕಿನ ಸೀನು

(ಅಕ್ಕಲಕೋಟ ತಾಲೂಕಿನ ಒಂದು ಕಲಿಕಾ ಕೇಂದ್ರದಲ್ಲಿ ಆಡಿದ ಮಾತುಗಳು)



ಇವತ್ತು ಬೆಕ್ಕಿನ ಬಗ್ಗೆ ಮಾತಾಡೋಣ. ಬೆಕ್ಕಿನ ಮ್ಯಾಲೂ ಒಂದು ಭಾಷಣ ಏನ್ರೀ ಅಂತ ನಗಬ್ಯಾಡ್ರಿ. ನಮ್ಮ ಸೊಲ್ಲಾಪುರ ಜಿಲ್ಲೆ ಜೋಳದ ನಾಡು. ಮನೆಯಲ್ಲಿ ಜೋಳದ ಚೀಲ ಇದ್ದರೆ ಇಲಿ ಬರುತ್ತದೆ. ಇಲಿ ಬಂದರೆ ಬೆಕ್ಕು ಬೇಕು. ಹತ್ತು ವರ್ಷ ಇಲಿ ಹಿಡಿದ ಬೆಕ್ಕಿಗೂ ಮುಪ್ಪು ಬರುತ್ತದೆ. ಕೆಲವು ಬೆಕ್ಕುಗಳಿಗೆ ಆಗ ಸೀನು ಹತ್ತುತ್ತದೆ. ಮೂಗು ಸೋರುತ್ತದೆ. ಮಲಗಿದಾಗ ಗೊರ ಗೊರ ಸಪ್ಪಳ ಕೇಳುತ್ತದೆ.

ಸೀನು ಅಂದ್ರ ಅಪಶಕುನ ಅಂತಾರ. ಬೆಕ್ಕು ಅಡ್ಡ ಬಂದರೂ ಅಪಶಕುನ ಅಂತಾರ. ಇನ್ನು ಬೆಕ್ಕೇ ಸೀನಿದರೆ ಕೇಳಬ್ಯಾಡ್ರಿ! ಸೀನು ಶಕುನ ಅಲ್ಲ. ಅದು ಮೂಗಿನ ತೊಂದರೆಯ ಗುರುತು.

ಸೀನು ಯಾಕೆ ಬರುತ್ತದೆ?

ಬೆಕ್ಕಿನ ಮೂಗಿನೊಳಗೆ ಕಾಗದದಂಥ ತೆಳು ಎಲುಬುಗಳಿವೆ. ಅವು ಸುರುಳಿ ಸುರುಳಿಯಾಗಿವೆ. ಅವುಗಳ ಮೇಲೆ ಒದ್ದೆ ಪೊರೆ ಇದೆ. ಉಸಿರಿನ ಜೊತೆ ಬಂದ ಧೂಳನ್ನು ಅದು ಹಿಡಿಯುತ್ತದೆ. ಹಣೆಯ ಎಲುಬಿನಲ್ಲಿ ಟೊಳ್ಳು ಜಾಗ ಇದೆ. ಅದಕ್ಕೆ ಸೈನಸ್ ಅಂತಾರ.

ಬಹಳ ಬೆಕ್ಕುಗಳಿಗೆ ಮರಿ ಇದ್ದಾಗಲೇ ನೆಗಡಿ ಬಂದಿರುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ವೈರಸ್ ಕಾರಣ. ಒಂದು ಹರ್ಪಿಸ್, ಇನ್ನೊಂದು ಕ್ಯಾಲಿಸಿ. ನೆಗಡಿ ಹೋಯಿತು ಅಂತ ನಾವು ತಿಳಿಯುತ್ತೇವೆ. ಆದರೆ ಹರ್ಪಿಸ್ ಮೈ ಬಿಟ್ಟು ಹೋಗುವುದಿಲ್ಲ. ನರದಲ್ಲಿ ಅಡಗಿ ಕೂಡುತ್ತದೆ. ಮನೆ ಬದಲಾದಾಗ, ಹೊಸ ಬೆಕ್ಕು ಬಂದಾಗ, ಅಂಜಿದಾಗ ಮತ್ತೆ ಏಳುತ್ತದೆ. ಇದರಿಂದ ಮೂಗಿನ ತೆಳು ಎಲುಬು ಹಾಳಾಗುತ್ತದೆ. ಸಿಂಬಳ ಒಳಗೇ ನಿಲ್ಲುತ್ತದೆ. ಅದರಲ್ಲಿ ರೋಗಾಣು ಬೆಳೆಯುತ್ತವೆ.

ಹಾಗಾದರೆ ಇದು ಪೂರ್ತಿ ವಾಸಿ ಆಗುತ್ತದೆಯೇ? ಬಹಳ ಬೆಕ್ಕುಗಳಿಗೆ ಆಗುವುದಿಲ್ಲ. ಆದರೆ ಹತೋಟಿಯಲ್ಲಿ ಇಡಬಹುದು. ನಾವು ಬಿಪಿ, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿ ಇಡುವುದಿಲ್ಲವೇ? ಹಾಗೇ ಇದೂ.

ಮನೆಯಲ್ಲಿ ಏನು ಮಾಡಬೇಕು?

ಮೊದಲು ಹೊಗೆ, ಧೂಳು ತಪ್ಪಿಸಬೇಕು. ಕುಳ್ಳಿನ ಒಲೆಯ ಹೊಗೆ, ಊದಿನಕಡ್ಡಿ, ಲೋಬಾನ ಬೆಕ್ಕಿನ ಮೂಗಿಗೆ ಆಗುವುದಿಲ್ಲ. ಖಾರ ಕುಟ್ಟುವ ದಿನ ನಾವೇ ಸೀನಿ ಸೀನಿ ಸಾಕಾಗುತ್ತೇವೆ. ಬೆಕ್ಕಿನ ಪಾಡು ಏನಾಗಬೇಕು? ಸೊಲ್ಲಾಪುರದಲ್ಲಿ ಚಾದರ, ಟಾವೆಲ್ ನೇಯುವ ಮಗ್ಗಗಳಿವೆ. ಅಲ್ಲಿ ನೂಲಿನ ಧೂಳು. ಬೀಡಿ ಕಟ್ಟುವ ಮನೆಯಲ್ಲಿ ತಂಬಾಕಿನ ಪುಡಿ. ರಾಶಿ ಕಾಲದಲ್ಲಿ ಜೋಳದ ಹೊಟ್ಟು. ಇವು ನಮ್ಮ ಹೊಟ್ಟೆಪಾಡಿನ ಕೆಲಸ, ಬಿಡಲು ಬರುವುದಿಲ್ಲ. ಆದರೆ ಬೆಕ್ಕು ಮಲಗುವ ಜಾಗವನ್ನು ದೂರ ಮಾಡಬಹುದು. ಒಣ ಕಸ ಹೊಡೆಯುವ ಬದಲು ಒದ್ದೆ ಅರಿವೆಯಿಂದ ನೆಲ ಒರೆಸಬಹುದು. ಇದು ಮನೆಯ ಮಕ್ಕಳಿಗೂ ಒಳ್ಳೆಯದು.

ಎರಡನೆಯದು, ಮೂಗು ಒರೆಸುವುದು. ಹಳೇ ಧೋತರದ ಮೆತ್ತನ್ನ ಅರಿವೆ ತಗೊಳ್ರಿ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡಿ ಒರೆಸ್ರಿ. ಸಿಂಬಳ ಒಣಗಿದ್ದರೆ ಕೀಳಬ್ಯಾಡ್ರಿ. ಮೊದಲು ನೆನೆಯಲಿ.

ಮೂರನೆಯದು, ಉಗಿ. ಬಚ್ಚಲ ಮನೆಯಲ್ಲಿ ಬಿಸಿನೀರು ಸುರಿದು ಬಾಗಿಲು ಹಾಕಿದರೆ ಉಗಿ ತುಂಬುತ್ತದೆ. ಹತ್ತು ನಿಮಿಷ ಬೆಕ್ಕಿನ ಜೊತೆ ನೀವೂ ಕೂಡ್ರಿ. ಬೆಕ್ಕನ್ನು ಕುದಿಯುವ ಪಾತ್ರೆಯ ಮೇಲೆ ಹಿಡಿಯಬಾರದು. ನೀರಿಗೆ ಕರ್ಪೂರ, ವಿಕ್ಸ್ ಹಾಕಬಾರದು. ಅವು ಬೆಕ್ಕಿಗೆ ವಿಷ.

ನಾಲ್ಕನೆಯದು, ಊಟ. ಬೆಕ್ಕು ವಾಸನೆ ನೋಡಿ ಉಣ್ಣುತ್ತದೆ. ಮೂಗು ಕಟ್ಟಿದರೆ ಊಟ ಬಿಡುತ್ತದೆ. ಎರಡು ಮೂರು ದಿನ ಉಪವಾಸ ಬಿದ್ದರೆ ಅದರ ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಅಪಾಯ. ಊಟವನ್ನು ಸ್ವಲ್ಪ ಬಿಸಿ ಮಾಡಿ ಕೊಡ್ರಿ. ಬಿಸಿ ಮಾಡಿದರೆ ವಾಸನೆ ಏಳುತ್ತದೆ. ಬೇಯಿಸಿದ ಮೀನು, ಕೋಳಿ, ತತ್ತಿ ಆಗುತ್ತದೆ. ಖಾರ, ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಬಾರದು. ಬರೀ ಹಾಲು ರೊಟ್ಟಿ ಬೆಕ್ಕಿಗೆ ಸಾಲದು.

ಈ ತಪ್ಪು ಮಾಡಬ್ಯಾಡ್ರಿ

ಇದು ಎಲ್ಲಕ್ಕಿಂತ ದೊಡ್ಡ ಮಾತು. ನಮಗೆ ನೆಗಡಿ, ಜ್ವರ ಬಂದರೆ ಪ್ಯಾರಾಸಿಟಮಾಲ್ ಗುಳಿಗೆ ನುಂಗುತ್ತೇವೆ. ಕ್ರೋಸಿನ್, ಡೋಲೊ ಗುಳಿಗೆಯಲ್ಲಿ ಇರುವುದು ಅದೇ. ಪಾಪ, ಬೆಕ್ಕಿಗೂ ಅರ್ಧ ಕೊಡೋಣ ಅನಿಸಬಹುದು. ಕೊಡಬಾರದು! ಈ ಔಷಧವನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಅದರ ರಕ್ತ ಕೆಡುತ್ತದೆ. ಮುಖ ಬಾಯುತ್ತದೆ. ಒಂದೇ ಗುಳಿಗೆಯಿಂದ ಬೆಕ್ಕು ಸಾಯಬಹುದು. ಗೊತ್ತಿಲ್ಲದೆ ನುಂಗಿದ್ದರೆ ಆ ಕ್ಷಣವೇ ದವಾಖಾನೆಗೆ ಒಯ್ಯಿರಿ. ಮನುಷ್ಯರ ಮೂಗಿನ ಹನಿಯನ್ನೂ ಹಾಕಬಾರದು.

ದವಾಖಾನೆಗೆ ಯಾವಾಗ?

ಒಂದೇ ಕಡೆಯ ಮೂಗು ಸೋರಿದರೆ, ರಕ್ತ ಬಂದರೆ, ಮುಖ ಬಾತರೆ, ಮೈ ಇಳಿದರೆ ತಡ ಮಾಡಬ್ಯಾಡ್ರಿ. ಒಂದು ದಿನ ಪೂರ್ತಿ ಉಣ್ಣದಿದ್ದರೂ ಒಯ್ಯಿರಿ. ಬಾಯಿ ತೆರೆದು ಉಸಿರು ಬಿಟ್ಟರೆ ಆಗಲೇ ಓಡ್ರಿ. ವಯಸ್ಸಾದ ಬೆಕ್ಕಿನಲ್ಲಿ ಬರೀ ಹಳೇ ನೆಗಡಿ ಇರಲಿಕ್ಕಿಲ್ಲ. ಮೇಲಿನ ಹಲ್ಲಿನ ಬೇರು ಕೀವು ಆಗಿರಬಹುದು. ಮೂಗಿನಲ್ಲಿ ಗಂಟು ಬೆಳೆದಿರಬಹುದು. ಇದನ್ನು ಪಶುವೈದ್ಯರೇ ನೋಡಬೇಕು. ಅವರು ಔಷಧ ಕೊಟ್ಟರೆ ಹೇಳಿದಷ್ಟು ದಿನ ಕೊಡ್ರಿ. ಸೀನು ಕಡಿಮೆ ಆಯಿತು ಅಂತ ನಡುವೆ ಬಿಡಬ್ಯಾಡ್ರಿ.

ವೈದ್ಯರು ಮರಾಠಿ ಮಾತಾಡಿದರೆ ಅಂಜಿಕೆ ಬ್ಯಾಡ. ಬೆಕ್ಕಿಗೆ ಮಾಂಜರ, ಸೀನಿಗೆ ಶಿಂಕ, ಮೂಗಿಗೆ ನಾಕ, ಹಲ್ಲಿಗೆ ದಾತ. ಇಷ್ಟು ಸಾಕು.

ಬರೆದು ಇಡ್ರಿ

ಬೆಕ್ಕಿಗೆ ಬಾಯಿ ಇಲ್ಲ. ಅದರ ಪರವಾಗಿ ನೀವು ಬರೆಯಬೇಕು. ನೀವು ಈಗ ಬರೆಯಲು ಕಲಿತಿದ್ದೀರಿ. ಒಂದು ಹಾಳೆ ತಗೊಂಡು ಹೀಗೆ ಬರೀರಿ:

ಸೋಮವಾರ: 6 ಸಲ ಸೀನಿತು. ಸಿಂಬಳ ನೀರಿನ ಹಾಗೆ. ಊಟ ಮಾಡಿತು.
ಮಂಗಳವಾರ: 15 ಸಲ ಸೀನಿತು. ಮನೆಯಲ್ಲಿ ಖಾರ ಕುಟ್ಟಿದೆವು.
ಬುಧವಾರ: 7 ಸಲ ಸೀನಿತು. ಎಡಗಡೆ ಮಾತ್ರ ಹಳದಿ ಸಿಂಬಳ. ಅರ್ಧ ಊಟ.

ಈಗ ಓದ್ರಿ. ಮಂಗಳವಾರ ಸೀನು ಹೆಚ್ಚಾಯಿತು. ಅದಕ್ಕೆ ಖಾರ ಕಾರಣ ಇರಬಹುದು. ಬುಧವಾರ ಸೀನು ಕಡಿಮೆ. ಆದರೂ ಆ ದಿನವೇ ದವಾಖಾನೆಗೆ ಹೋಗಬೇಕು. ಯಾಕೆ? ಒಂದೇ ಕಡೆ ಸೋರುತ್ತಿದೆ, ಊಟ ಇಳಿದಿದೆ. ಬರೆಯದೇ ಇದ್ದರೆ, ಸೀನು ಕಡಿಮೆ ಆಯಿತು ಅಂತ ಸುಮ್ಮನೆ ಕೂಡುತ್ತಿದ್ದೆವು.

ಕೊನೆಗೆ ಎರಡು ಮಾತು. ಈ ನೆಗಡಿ ಬೆಕ್ಕಿನಿಂದ ಬೆಕ್ಕಿಗೆ ಅಂಟುತ್ತದೆ. ಆ ಎರಡು ವೈರಸ್ ಮನುಷ್ಯರಿಗೆ ಅಂಟುವುದಿಲ್ಲ. ಮನೆಯಲ್ಲಿ ಬೇರೆ ಬೆಕ್ಕು ಇದ್ದರೆ ಬಟ್ಟಲು ಬೇರೆ ಇಡ್ರಿ, ಕೈ ತೊಳೀರಿ. ಮರಿಗಳಿಗೆ ಸುಮಾರು ಎರಡು ತಿಂಗಳಾದಾಗ ಲಸಿಕೆ ಶುರು ಮಾಡಿಸ್ರಿ. ಲಸಿಕೆ ಹಾಕಿದರೂ ನೆಗಡಿ ಬರಬಹುದು, ಆದರೆ ಜೋರು ಕಡಿಮೆ ಇರುತ್ತದೆ.

ನಮ್ಮ ಜೋಳ ಕಾಯ್ದ ಜೀವ ಅದು. ಮುಪ್ಪಿನಲ್ಲಿ ಅದರ ಉಸಿರನ್ನು ನಾವು ಕಾಯಬೇಕು. ಮುಂದಿನ ವಾರ ಬರುವಾಗ ನಿಮ್ಮ ಹಾಳೆ ತಗೊಂಡು ಬರ್ರಿ. ಎಲ್ಲರೂ ಕೂಡಿ ಓದೋಣ.