ಲೆಕ್ಕದ ಹಾಳೆ ಎಲ್ಲರಿಗೂ ಓದಲು ಬರಬೇಕು

(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಇಪ್ಪತ್ತೈದು ವರ್ಷ ನಡೆದು ಬಂದ ದಾರಿಯನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಾವು ದನ ಕಟ್ಟಿಕೊಂಡು ಬದುಕುವವರು, ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ನಿರ್ದೇಶಕರಲ್ಲಿ ಕೆಲವರು ಸಂಜೆ ಹಾಲು ಅಳೆದು ಮುಗಿದ ಮೇಲೆ ಕೂತು ಕಂಪ್ಯೂಟರಿನ ಲೆಕ್ಕದ ಹಾಳೆ, ಅಂದರೆ ಎಕ್ಸೆಲ್, ಕಲಿತೆವು. ಆ ಬಗ್ಗೆ ಎರಡು ಮಾತು.

1978ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿಗೆ ಒಂದು ಯೋಚನೆ ಬಂತು. ಕರಿಹಲಗೆಯ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಕೆಳಗಿನದ್ದೆಲ್ಲ ಅಳಿಸಿ ಬರೆಯಬೇಕು. ತಾನಾಗಿ ಬದಲಾಗುವ ಹಾಳೆ ಯಾಕಿರಬಾರದು? ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ವಿಸಿಕ್ಯಾಲ್ಕ್ ತಂದರು. ಎಕ್ಸೆಲ್ ಬಂದದ್ದು 1985ರಲ್ಲಿ. ಕಾಸಿಲ್ಲದೆ ಸಿಗುವ ಲಿಬ್ರೆ ಆಫೀಸ್ ಕ್ಯಾಲ್ಕ್ ಕೂಡ ಇದೇ ಕೆಲಸ ಮಾಡುತ್ತದೆ.

ಹಾಳೆ ಚೌಕಾಬಾರದ ಮನೆಗಳ ಹಾಗಿದೆ. ಅಡ್ಡ ಸಾಲಿಗೆ ಸಂಖ್ಯೆ, ಉದ್ದ ಕಂಬಕ್ಕೆ ಇಂಗ್ಲಿಷ್ ಅಕ್ಷರ. ಸಿ ಕಂಬ, 2ನೇ ಸಾಲು ಸೇರುವ ಮನೆಗೆ ಸಿ2 ಎಂದು ಹೆಸರು. ಅಷ್ಟೇ, ಹೆದರಬೇಕಾದ್ದು ಏನಿಲ್ಲ.

ಬೋನಸ್ ಲೆಕ್ಕವನ್ನೇ ತೆಗೆದುಕೊಳ್ಳಿ. ಬಿ ಕಂಬದಲ್ಲಿ ಸದಸ್ಯರ ಹೆಸರು, ಸಿಯಲ್ಲಿ ವರ್ಷದ ಹಾಲಿನ ಹಣ, ಎಫ್1 ಮನೆಯಲ್ಲಿ ಬೋನಸ್ ದರ. ಡಿ2ರಲ್ಲಿ =ಸಿ2*$ಎಫ್$1 ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೆಳಕ್ಕೆ ಎಳೆದರೆ ಎಲ್ಲರ ಬೋನಸ್ ಬರುತ್ತದೆ. ಆ ಡಾಲರ್ ಚಿಹ್ನೆ ದನವನ್ನು ಗೂಟಕ್ಕೆ ಕಟ್ಟಿದ ಹಾಗೆ. ಅದಿಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಎಫ್1 ಬಿಟ್ಟು ಖಾಲಿ ಎಫ್2ಕ್ಕೆ ಹೋಗುತ್ತದೆ, ಬೋನಸ್ ಸೊನ್ನೆ! ಉದಾಹರಣೆಗೆ 48,000 ರೂಪಾಯಿ ಹಾಲಿಗೆ ಶೇಕಡಾ 2ರಂತೆ 960 ರೂಪಾಯಿ. ದರವನ್ನು 2.5 ಮಾಡಿದರೆ ಆ ಕ್ಷಣವೇ 1,200. ಇಡೀ ಊರಿನ ಪಟ್ಟಿ ಹಾಗೇ ಬದಲಾಗುತ್ತದೆ.

ಇನ್ನು ಎಚ್ಚರಿಕೆಯ ಮಾತು. ಹಣದ ಮನೆಯಲ್ಲಿ ಅಂಕಿ ಮಾತ್ರ ಇರಬೇಕು. "48000 ರೂಪಾಯಿ" ಎಂದು ಅಕ್ಷರ ಸೇರಿಸಿದರೆ ಅದು ಬರಹವಾಗುತ್ತದೆ. ಸಮ್ ಸೂತ್ರದಿಂದ ಕಂಬ ಕೂಡಿಸುವಾಗ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸೂತ್ರವಿದ್ದ ಮನೆಯ ಮೇಲೆ ಯಾರಾದರೂ ಅಂಕಿ ಬರೆದುಬಿಟ್ಟರೂ ನೋಡಲಿಕ್ಕೆ ಎರಡೂ ಒಂದೇ ಥರ. ಮನೆಯನ್ನು ಒತ್ತಿ ಮೇಲಿನ ಪಟ್ಟಿ ನೋಡಿದರೆ ಸೂತ್ರವೋ ಬರೀ ಅಂಕಿಯೋ ಎಂದು ತಿಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡದು ಇದು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಹೆಸರಿನ ಕಂಬವೊಂದನ್ನೇ ಹಿಡಿದು ಜೋಡಿಸಿದರೆ ಹೆಸರು ಮೇಲೆ ಕೆಳಗೆ ಆಗುತ್ತದೆ, ಹಣ ಇದ್ದಲ್ಲೇ ಇರುತ್ತದೆ. ಒಬ್ಬರ ಹಾಲಿಗೆ ಇನ್ನೊಬ್ಬರಿಗೆ ಬೋನಸ್! ಆದರೆ ಕೆಳಗಿನ ಒಟ್ಟು ಮೊತ್ತ ಒಂದು ಪೈಸೆಯೂ ವ್ಯತ್ಯಾಸವಾಗುವುದಿಲ್ಲ. ಒಟ್ಟು ಮಾತ್ರ ನೋಡುವವರಿಗೆ ಇದು ಸಿಕ್ಕುವುದೇ ಇಲ್ಲ. ಸಿಕ್ಕುವುದು ತನ್ನ ಸಾಲನ್ನು ತಾನು ನೋಡಿಕೊಂಡ ಸದಸ್ಯರಿಗೆ ಮಾತ್ರ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಬೋನಸ್ ಹಂಚುವ ಒಂದು ವಾರ ಮೊದಲು ಪಟ್ಟಿಯನ್ನು ಡೇರಿ ಗೋಡೆಗೆ ಅಂಟಿಸೋಣ. ದಿನಾ ಹಾಲು ಹಾಕುವ ನಮ್ಮ ಅಕ್ಕತಂಗಿಯರು ಪಾಸ್ ಪುಸ್ತಕ ತಂದು ತಮ್ಮ ಸಾಲು ತಾಳೆ ನೋಡಲಿ. ಓದಲು ಬಾರದವರಿಗೆ ಹೈಸ್ಕೂಲು ಮಕ್ಕಳು ಓದಿ ಹೇಳಲಿ. ಕಾರ್ಯದರ್ಶಿಯವರ ಜೊತೆಗೆ ಇಬ್ಬರಾದರೂ ನಿರ್ದೇಶಕರಿಗೆ ಈ ಹಾಳೆ ಬರಬೇಕು. ಕೇಳಿದರೆ ಕಾರ್ಯದರ್ಶಿ ಮೇಲೆ ಅನುಮಾನ ಪಟ್ಟಂತೆ ಅಂತ ಯಾರೂ ಸಂಕೋಚ ಪಡಬೇಡಿ. ಹತ್ತು ಜನ ನೋಡಿದ ಲೆಕ್ಕ ಅವರಿಗೂ ನೆಮ್ಮದಿ.

ಯಂತ್ರ ಕೂಡುತ್ತದೆ, ಕಳೆಯುತ್ತದೆ. ಯಾರ ಮನೆ ಹಾಲು ಎಷ್ಟು ಅನ್ನುವುದು ಅದಕ್ಕೆ ಗೊತ್ತಿಲ್ಲ, ನಮಗೆ ಗೊತ್ತು. ಸಂಘ ನಮ್ಮದು ಅನ್ನುವುದಾದರೆ ಲೆಕ್ಕವೂ ನಮ್ಮದಾಗಲಿ ಎಂದು ಹೇಳುತ್ತಾ ನಮ್ಮ ಮಾತು ಮುಗಿಸುತ್ತೇವೆ.  ಜೈ ಸಹಕಾರ.