ಗದಗಿನ ಮನೆಯ ರೇಡಿಯೋ



ರಾಜ್ಯೋತ್ಸವದ ಸಭೆಯಲ್ಲಿ ಹಳೆಯ ರೇಡಿಯೋವೊಂದರ ಕಥೆ ಹೇಳಲು ನಿಂತಿದ್ದೇವೆಂದರೆ ನಿಮಗೆ ನಗು ಬಂದೀತು. ಪಂಪನನ್ನೂ ಕುಮಾರವ್ಯಾಸನನ್ನೂ ಕುರಿತು ಮಾತನಾಡಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಅಣ್ಣತಮ್ಮಂದಿರು ಬಲ್ಲದ್ದು ಇಷ್ಟೇ, ತಾವು ಸೈರಿಸಿಕೊಳ್ಳಬೇಕು.

1954ರಲ್ಲಿ ನಮ್ಮ ತಂದೆಯವರು ಗದಗಿನ ಮನೆಗೆ ಐದು ವಾಲ್ವುಗಳ ಫಿಲಿಪ್ಸ್ ರೇಡಿಯೋ ತಂದರು. ಧಾರವಾಡದಲ್ಲಿ ಬಾನುಲಿ ಕೇಂದ್ರ ತೆರೆದದ್ದು 1950ರ ಜನವರಿ 8ರಂದು. ಆಗಿನ್ನೂ ಅದಕ್ಕೆ ನಾಲ್ಕು ವರ್ಷದ ಎಳೆಹರೆಯ. ‘ಆಕಾಶವಾಣಿ’ ಎಂಬುದಂತೂ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ನಡೆಸತೊಡಗಿದ ಕೇಂದ್ರದ ಹೆಸರು. ಮುಂದೆ ಇಡೀ ದೇಶದ್ದಾಯಿತು. ನಮ್ಮ ಓಣಿಗಾದರೋ ಆಕಾಶವಾಣಿಯೆಂದರೆ ನಮ್ಮ ಪಡಸಾಲೆಯ ಗೂಡಿನಲ್ಲಿದ್ದ ಆ ಮರದ ಪೆಟ್ಟಿಗೆಯೇ. 1956ರ ನವೆಂಬರ್ 1ರಂದು, ಅದುವರೆಗೆ ಮುಂಬಯಿ ರಾಜ್ಯದಲ್ಲಿದ್ದ ಗದಗು ಕನ್ನಡ ರಾಜ್ಯಕ್ಕೆ ಸೇರಿದ ದಿನ, ಪಡಸಾಲೆ ತುಂಬಿ ಕಟ್ಟೆಯ ಮೇಲೂ ಜನ ಕುಳಿತು ಸುದ್ದಿ ಕೇಳಿದ್ದರು. ನಾವು ಚಿಕ್ಕವರು, ನೆನಪಿರುವುದು ಅವ್ವ ಹಂಚಿದ ಬೆಲ್ಲ ಮಾತ್ರ.

1966ರಲ್ಲಿ ತಂದೆಯವರಿಗೆ ಪುಣೆಗೆ ವರ್ಗವಾಯಿತು. ಸಾಮಾನು ಸಾಗಿಸುವ ಖರ್ಚಿಗೆಂದು ರೇಡಿಯೋ ಮಾರಿದರು. ಅವರು 2001ರಲ್ಲಿ ತೀರಿಕೊಂಡ ಮೇಲೆ ಟ್ರಂಕು ತೆಗೆದು ನೋಡಿದರೆ, ಅಂಚೆ ಕಚೇರಿಯ ರೇಡಿಯೋ ಲೈಸೆನ್ಸಿನ ಪುಸ್ತಕ, ಅದರೊಳಗೆ ಮಡಿಸಿಟ್ಟ ಖರೀದಿಯ ಬಿಲ್ಲು! ಬಿಲ್ಲಿನ ಮೇಲೆ ರೇಡಿಯೋವಿನ ನಂಬರೂ ಇತ್ತು. ಮಾರಿದ ವಸ್ತುವಿನ ಬಿಲ್ಲನ್ನು ಮೂವತ್ತೈದು ವರ್ಷ ಕಾದಿಟ್ಟವರ ಮನಸ್ಸಿನಲ್ಲಿ ಏನಿತ್ತೋ, ಅವರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಅಂದಿನಿಂದ ನಮಗೆ ಹುಚ್ಚು ಹಿಡಿಯಿತು.

ಬುಧವಾರ, ರವಿವಾರಗಳಂದು ಇಲ್ಲಿಯ ಜೂನಾ ಬಜಾರು. ಮುಂಬಯಿಗೆ ಹೋದರೆ ಚೋರ್ ಬಜಾರು. ಪೆಟ್ಟಿಗೆ ಸಿಕ್ಕರೆ ಒಳಗೆ ಯಂತ್ರವಿಲ್ಲ; ಯಂತ್ರವಿದ್ದರೆ ಮಾದರಿ ಬೇರೆ. ಹನ್ನೆರಡು ವರ್ಷ ಹೀಗೇ ಹೋದುವು. ಕೊನೆಗೆ 2013ರಲ್ಲಿ ಮಗಳ ತಂಬೂರಿ ರಿಪೇರಿಗೆಂದು ಮಿರಜಿಗೆ ಹೋದಾಗ, ಸಿತಾರು ಮಾಡುವವರ ಅಂಗಡಿಯೊಂದರಲ್ಲಿ, ಸೋರೆಬುರುಡೆಗಳ ಸಾಲಿನ ಕೆಳಗೆ ಅದೇ ಮಾದರಿಯ ರೇಡಿಯೋ ಕುಳಿತಿತ್ತು. ಮೇಲೆ ತಂತಿಯ ಸುರುಳಿಗಳನ್ನು ಪೇರಿಸಿದ್ದರು. ಅಂಗಡಿಯವರು 1,800 ರೂಪಾಯಿಗೆ ಕೊಟ್ಟರು; ಮುಂದೆ ಪೆಟ್ಟಿಗೆಗೆ ಅರಗಿನ ಪಾಲಿಶನ್ನೂ ಅವರೇ ಮಾಡಿಕೊಟ್ಟರು. ತಂಬೂರಿಗೆ ಮಾಡುವಷ್ಟೇ ನಿಗಾ ಇಟ್ಟು ಮಾಡಿದರೆಂದರೆ ಅತಿಶಯೋಕ್ತಿಯಲ್ಲ.

ಮನೆಗೆ ತಂದು ಬಿಲ್ಲಿನೊಡನೆ ಹೋಲಿಸಿದೆವು. ನಂಬರು ಬೇರೆ. ಸಹಜವೇ, ಆದರೂ ಆಸೆ ಇದ್ದೇ ಇತ್ತಲ್ಲ. ಅವ್ವನಿಗೆ ಹೇಳುವುದೋ ಬೇಡವೋ ಎಂದು ನಾವಿಬ್ಬರೂ ಪಿಸುಗುಡುತ್ತಿರುವಾಗಲೇ, ಎಂಬತ್ತಮೂರರ ಆ ಮುದುಕಿ ಪೆಟ್ಟಿಗೆಯ ಎಡಮಗ್ಗುಲು ಸವರಿ ನೋಡಿದಳು. “ಊದಿನಕಡ್ಡಿಯಿಂದ ಸುಟ್ಟ ಕಲೆ ಇಲ್ಲ. ಇದು ನಮ್ಮದಲ್ಲ ಬಿಡ್ರಿ,” ಎಂದಳು. ಸ್ವಲ್ಪ ತಡೆದು, “ಧಾರವಾಡ ಬರ್ತೈತೇನ್ರೋ?” ಎಂದು ಕೇಳಿದಳು.

ಅಲ್ಲಿಗೆ ನಮ್ಮ ಕೆಲಸ ಗೊತ್ತಾಯಿತು.

ಬುಧವಾರ ಪೇಟೆಯ ಎರಡು ಅಂಗಡಿಗಳಲ್ಲಿ, ಒಳಗಿನದನ್ನೆಲ್ಲ ಕಿತ್ತು ಎಫ್.ಎಂ., ಬ್ಲೂಟೂತ್ ಕೂಡಿಸಿಕೊಡುತ್ತೇವೆ, ಸಂಜೆಗೇ ಒಯ್ಯಿರಿ ಎಂದರು. ಅವ್ವನ ಪ್ರಶ್ನೆಗೆ ಅದು ಉತ್ತರವಾಗುತ್ತಿರಲಿಲ್ಲ. ಮೂರನೆಯವರು ಒಬ್ಬ ಮರಾಠಿ ವೃದ್ಧರು. ನಾವು ಕಾಕಾ ಎನ್ನುತ್ತಿದ್ದೆವು. ಅವರು ಕೇಳಿದ ಮೊದಲ ಮಾತು, “ಪ್ಲಗ್ಗಿಗೆ ಹಾಕಿ ನೋಡಲಿಲ್ಲ ತಾನೆ?” ಎಂದು. ಅರ್ಧ ಶತಮಾನ ಮಲಗಿದ್ದ ರೇಡಿಯೋಗೆ ಒಮ್ಮೆಲೆ ವಿದ್ಯುತ್ತು ಕೊಟ್ಟರೆ ಉಳಿದದ್ದೂ ಸುಟ್ಟುಹೋಗಬಹುದು. ಅವರು ಒಂದು ಸಾದಾ ಬಲ್ಬನ್ನು ನಡುವೆ ಜೋಡಿಸಿ, ಅದರ ಮೂಲಕ ಕರೆಂಟು ಹರಿಸಿ ಪರೀಕ್ಷಿಸಿದರು. ಬಲ್ಬು ಪೂರ್ತಿ ಉರಿದರೆ ಒಳಗೆ ಎಲ್ಲಿಯೋ ಶಾರ್ಟ್ ಆಗಿದೆ ಎಂದರ್ಥ. ಅದು ಉರಿದೇ ಉರಿಯಿತು.

ಇದು ಎ.ಸಿ., ಡಿ.ಸಿ. ಎರಡಕ್ಕೂ ನಡೆಯುವ ಜಾತಿ. ಐದು ವಾಲ್ವುಗಳ ಕಾಯುವ ತಂತಿಗಳೂ ಒಂದೇ ಸರದಲ್ಲಿವೆ. ಒಂದು ಸತ್ತರೆ ಗಣಪತಿಯ ಮುಂದಿನ ದೀಪದ ಸರದಂತೆ ಎಲ್ಲವೂ ಕತ್ತಲು. ಯಂತ್ರದ ತಗಡಿಗೇ ಮನೆಯ ಕರೆಂಟು ಬಂದಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಪ್ರಾಣಕ್ಕೇ ಅಪಾಯ. ನಿಮ್ಮಲ್ಲಿ ಉತ್ಸಾಹಿಗಳು ಯಾರಾದರೂ ಇದ್ದರೆ ಇದನ್ನು ಮರೆಯಬೇಡಿ. ಯು.ಎಲ್. 41 ಎಂಬ ಕೊನೆಯ ವಾಲ್ವು ಸತ್ತಿತ್ತು. ಅದನ್ನು ಕೊಂದದ್ದು ಮೇಣಗಾಗದದ ಒಂದು ಪುಟ್ಟ ಕಂಡೆನ್ಸರು. ವಯಸ್ಸಾದಂತೆ ಅದು ಸೋರಿ, ತಡೆಯಬೇಕಾದ ವೋಲ್ಟೇಜನ್ನು ವಾಲ್ವಿಗೆ ಬಿಡುತ್ತದೆ. ವಾಲ್ವು ಮಿತಿಮೀರಿ ದುಡಿದು ಸಾಯುತ್ತದೆ. ಅಂಥ ಕಂಡೆನ್ಸರುಗಳನ್ನೆಲ್ಲ ಬದಲಿಸಿದರು. ಪುಡಿಯಾಗಿದ್ದ ರಬ್ಬರು ತಂತಿ ಹೋಯಿತು, ಜಿರಲೆ ತಿಂದ ಸ್ಪೀಕರಿನ ಕಾಗದಕ್ಕೆ ತೇಪೆ ಬಿತ್ತು. ಬದಲಿ ವಾಲ್ವು ಸಿಗಲು ಮಾತ್ರ ಎಂಟು ತಿಂಗಳು ಹಿಡಿಯಿತು.

2014ರ ದೀಪಾವಳಿಗೆ ರೇಡಿಯೋ ಮಾತನಾಡಿತು. ಆದರೆ ಪುಣೆಯನ್ನಷ್ಟೇ! ಪುಣೆ ಕೇಂದ್ರದ್ದು 792 ಕಿಲೋಹರ್ಟ್ಸ್, ಧಾರವಾಡದ್ದು 765. ಮುಳ್ಳು ಕೂದಲೆಳೆಯಷ್ಟು ಸರಿದರೆ ಸಾಕು, ಊರಿನದು ಪರವೂರಿನದನ್ನು ನುಂಗಿಬಿಡುತ್ತಿತ್ತು. ಕಾಕಾ ಮತ್ತೆ ಬಂದು, ಪಕ್ಕದ ಕೇಂದ್ರಗಳನ್ನು ಬೇರ್ಪಡಿಸುವ ಸುರುಳಿಗಳನ್ನು ಎರಡು ಸಂಜೆ ಕುಳಿತು ಹದಗೊಳಿಸಿದರು. ಹಗಲಿನಲ್ಲಿ ಪ್ರಯತ್ನಿಸಬೇಡಿ ಎಂದೂ ಹೇಳಿದರು. ಬಿಸಿಲಿರುವಾಗ ಮೇಲಿನ ವಾಯುಮಂಡಲದ ಒಂದು ಪದರ ಈ ಅಲೆಗಳನ್ನು ಹೀರುತ್ತದೆ. ಕತ್ತಲಾದ ಮೇಲೆ ಅದು ಕರಗಿ, ಇನ್ನೂ ಎತ್ತರದ ಪದರಕ್ಕೆ ತಾಗಿದ ಅಲೆಗಳು ದೂರದೂರಿಗೆ ಮರಳಿ ಇಳಿಯುತ್ತವೆ.

ಡಿಸೆಂಬರಿನ ಒಂದು ಸಂಜೆ ಮಾಳಿಗೆಯ ಮೇಲೆ ತಂತಿ ಕಟ್ಟಿದೆವು. ಎಲ್‌ಇಡಿ ದೀಪ, ಮೊಬೈಲಿನ ಚಾರ್ಜರು ಎಲ್ಲವೂ ಗರಗರ ಎನ್ನಿಸುತ್ತವೆಂದು ಮನೆಯಲ್ಲಿದ್ದುದನ್ನೆಲ್ಲ ಆರಿಸಿದೆವು. ಕತ್ತಲಲ್ಲಿ ರೇಡಿಯೋವಿನ ಗಾಜೊಂದೇ ಬೆಳಗುತ್ತಿತ್ತು. ಮುಳ್ಳನ್ನು ಪುಣೆಯಿಂದ ಅಷ್ಟಿಷ್ಟು ಸರಿಸಿದಾಗ, ಭೋರೆಂಬ ಸದ್ದಿನ ಒಳಗಿನಿಂದ ಒಬ್ಬರು ಹಿಂಗಾರಿ ಜೋಳದ ವಿಷಯ ಹೇಳುವುದು ಕೇಳಿಸಿತು. ನಮ್ಮ ಕಡೆಯ ಮಾತು, ಅನುಮಾನವೇ ಇಲ್ಲ. ದನಿ ಏರುತ್ತ ಇಳಿಯುತ್ತ, ಒಮ್ಮೆ ಪೂರ್ತಿ ಮುಳುಗಿ ಮತ್ತೆ ತೇಲುತ್ತ, ಇಪ್ಪತ್ತು ನಿಮಿಷ ಇತ್ತು. ಅವ್ವ ಕಿವಿಯನ್ನು ಪೆಟ್ಟಿಗೆಗೆ ಹಚ್ಚಿ ಕುಳಿತವಳು ಕಡೆಗೆ ಹೇಳಿದ್ದು ಇಷ್ಟು: “ಇನ್ನೂ ಜೋಳದ ಮಾತೇ ಆಡಾಕತ್ಯಾರಲ್ಲ!”

ನಾವು ನಕ್ಕೆವು. ಮರುದಿನ ಸಂಜೆ ಆರಕ್ಕೇ ಅವಳೇ ದೀಪ ಆರಿಸಿ ಕುಳಿತಿದ್ದಳು. 2019ರಲ್ಲಿ ತೀರಿಕೊಳ್ಳುವವರೆಗೂ ಚಳಿಗಾಲದ ಸಂಜೆಗಳಲ್ಲಿ ಇದು ನಡೆಯಿತು. ಬಂದ ದಿನ ಬಂತು, ಬಾರದ ದಿನ ಇಲ್ಲ. ಬಾರದ ದಿನ ಅವಳು ನಮ್ಮನ್ನೇ ಬಯ್ಯುತ್ತಿದ್ದಳು, ವಾಯುಮಂಡಲವನ್ನಲ್ಲ.

ಕೊನೆಗೆ ಒಂದು ವಿನಂತಿ. ನಮ್ಮಲ್ಲಿ ಈಗ ಹೆಚ್ಚುವರಿ ಯು.ಎಲ್. 41 ಒಂದೂ ಉಳಿದಿಲ್ಲ. ನಿಮ್ಮ ಅಟ್ಟದ ಮೇಲೆ ಹಿರಿಯರ ರೇಡಿಯೋ ಏನಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಪ್ಲಗ್ಗಿಗೂ ಹಾಕಬೇಡಿ. ಸಂಘದ ಕಾರ್ಯದರ್ಶಿಗಳ ಬಳಿ ಒಂದು ಮಾತು ಹೇಳಿ ಕಳಿಸಿದರೆ ನಾವೇ ಮನೆಗೆ ಬಂದು ನೋಡುತ್ತೇವೆ.